ಧೂಪದ ನೆರಳು

ಬಿಜೂರಿನವರಾದ ನಮಗೆ ಬೀಚ್ ಎಂದರೆ ಮರವಂತೆ. ಅದೊಂದು ಮರದ ಹೆಸರೂ ಹೌದೆಂದು ತಿಳಿದದ್ದು ಕಾಲೇಜಿನಲ್ಲಿ, ಪುಸ್ತಕವೊಂದು ನಮ್ಮ ಹೊಂಗೆಯನ್ನು ‘ಇಂಡಿಯನ್ ಬೀಚ್’ ಎಂದು ಕರೆದಾಗ. ಹೆಸರು ಬಿಟ್ಟರೆ ಎರಡಕ್ಕೂ ನಂಟಿಲ್ಲ. ಹೊಂಗೆ ಅವರೆ, ತೊಗರಿಯ ಕುಲದ್ದು. ಆದರೆ ಯುರೋಪಿನ ಬೀಚ್ ಕಾಡುಗಳ ಬಗ್ಗೆ ಓದುತ್ತಾ ಹೋದಂತೆ ನನಗೆ ನೆನಪಾದದ್ದು ಊರಿನ ಇನ್ನೊಂದು ಮರ, ಧೂಪ.

ಬೀಚ್ ಸಸಿಯಂತೆ ಧೂಪದ ಸಸಿಯೂ ದೊಡ್ಡ ಮರಗಳ ನೆರಳಲ್ಲೇ ಹುಟ್ಟಿ, ಅಲ್ಲೇ ನಿಧಾನವಾಗಿ ಬೆಳೆಯುತ್ತದೆ. ಅದರ ಬೀಜ ಉದುರುವುದು ಮಳೆಗಾಲ ಹಿಡಿಯುವ ಹೊತ್ತಿಗೆ. ಕೂಡಲೇ ಮೊಳೆಯಬೇಕು, ಒಣಗಿಸಿ ಕೂಡಿಟ್ಟರೆ ಸತ್ತುಹೋಗುತ್ತದೆ. ಹಾಗಾಗಿ ಒಮ್ಮೆ ಬೋಳಾದ ಗುಡ್ಡಕ್ಕೆ ಧೂಪ ತಾನಾಗಿ ಮರಳುವುದು ಬಲು ಕಷ್ಟ. ಜಗತ್ತಿನಲ್ಲಿ ಪಶ್ಚಿಮ ಘಟ್ಟವೊಂದೇ ಇದರ ತವರು.

ನಮ್ಮ ಸೀಮೆಯ ಕಾಡಿನ ಚರಿತ್ರೆಯಲ್ಲಿ ಮೊದಲು ಆರೋಪಿಯಾದವನು ಕುಮರಿ ಬೇಸಾಯಗಾರ. 1856ರಲ್ಲಿ ಮದರಾಸು ಪ್ರಾಂತ್ಯದ ಅರಣ್ಯ ಸಂರಕ್ಷಣಾಧಿಕಾರಿಯಾದ ಹ್ಯೂ ಕ್ಲೆಗಾರ್ನ್, ಕಾಡು ಕಡಿದು ಸುಟ್ಟು ಬೆಳೆ ತೆಗೆಯುವ ಈ ಪದ್ಧತಿಯನ್ನು ಕಟುವಾಗಿ ವಿರೋಧಿಸಿದ. 1860ರಲ್ಲಿ ಅದಕ್ಕೆ ತಡೆ ಬಿತ್ತು. 1882ರ ಮದರಾಸು ಅರಣ್ಯ ಕಾಯ್ದೆ ದೊಡ್ಡ ಕಾಡುಗಳನ್ನು ಸರ್ಕಾರದ ಮೀಸಲಾಗಿಸಿತು. ರೈತನಿಗೆ ಉಳಿದದ್ದು ಕುಮ್ಕಿ: ತನ್ನ ವರ್ಗ ಜಮೀನಿನಿಂದ ಸುಮಾರು 100 ಗಜದೊಳಗಿನ ಸರ್ಕಾರಿ ಜಾಗದಲ್ಲಿ ಸೊಪ್ಪು, ಕಟ್ಟಿಗೆ ತರುವ ಹಕ್ಕು. ವಿಚಿತ್ರವೆಂದರೆ, ಕುಮರಿಯವನಿಂದ ರಕ್ಷಿಸಿದ ಕಾಡಿನ ಧೂಪವನ್ನೇ ಮುಂದಿನ ಶತಮಾನದಲ್ಲಿ ಪ್ಲೈವುಡ್‌ಗೂ ಚಹಾ ಪೆಟ್ಟಿಗೆಗೂ ಕಡಿಯಲಾಯಿತು. ಅದಕ್ಕೆ ಯಾರೂ ವಿನಾಶವೆನ್ನಲಿಲ್ಲ, ಉತ್ಪನ್ನ ಎಂದರು. ಘಟ್ಟದ ಮೇಲೆ, ಶಿರಸಿ ಬಳಿಯ ಸಲ್ಕಣಿಯಲ್ಲಿ, 1983ರಲ್ಲಿ ಜನ ಮರಗಳನ್ನು ಅಪ್ಪಿಕೊಂಡು ನಿಂತಾಗ ಆ ಮಾತು ಪ್ರಶ್ನೆಗೆ ಒಳಗಾಯಿತು.

ಕೊಲ್ಲೂರಿನ ಸುತ್ತಲಿನ ಕಾಡು 1974ರಲ್ಲಿ ಮೂಕಾಂಬಿಕಾ ವನ್ಯಜೀವಿಧಾಮವಾಯಿತು. ಆಗ 247 ಚದರ ಕಿಲೋಮೀಟರ್ ಇದ್ದದ್ದು 2011ರಲ್ಲಿ 370ಕ್ಕೆ ಹಿಗ್ಗಿತು. ಮರುವರ್ಷ ಯುನೆಸ್ಕೊ ಪಶ್ಚಿಮ ಘಟ್ಟದ 39 ತಾಣಗಳನ್ನು ವಿಶ್ವಪರಂಪರೆಗೆ ಸೇರಿಸಿದಾಗ ನೆರೆಯ ಸೋಮೇಶ್ವರ ಅಭಯಾರಣ್ಯ ಅದರಲ್ಲಿತ್ತು, ಮೂಕಾಂಬಿಕಾ ಇರಲಿಲ್ಲ. ಆದರೂ ಅಲ್ಲಿನ ಧೂಪಕ್ಕೆ ಕಾನೂನಿನ ಕಾವಲಿದೆ.

ಕಾವಲಿಲ್ಲದ್ದು ಕೆಳಗಿನ ಬಯಲಿನ ಹಾಡಿಗಳಿಗೆ. 1980ರ ದಶಕದ ನಂತರ ಇಲ್ಲಿನ ಎಷ್ಟೋ ಬೋಳು ಗುಡ್ಡಗಳಿಗೆ ಆಸ್ಟ್ರೇಲಿಯಾ ಮೂಲದ ಅಕೇಶಿಯಾ ಬಂತು. ದೂರದಿಂದ ನೋಡಿದರೆ ಹಸಿರೇ. ಒಳಗೆ ಹೋದರೆ ಒಂದೇ ಜಾತಿಯ ಮರ, ಕೆಳಗೆ ಒಣ ಎಲೆಯ ಹಾಸು. ಹಳೆಯ ಹಾಡಿಯ ಧೂಪ, ಸುರಗಿ, ಬೋಗಿ ಒಟ್ಟಿಗೆ ನಿಂತದ್ದನ್ನು ಬಯಲಿನಲ್ಲಿ ನೋಡಬೇಕಾದರೆ ಈಗ ನಾಗಬನಕ್ಕೇ ಹೋಗಬೇಕು. ಕಾಯ್ದೆ ಮುಟ್ಟದ ಕಡೆ ಕಾಡನ್ನು ಉಳಿಸಿದ್ದು ನಾಗನ ಭಯ.

ಆ ಭಯವೂ ಈಗ ರೂಪ ಬದಲಿಸುತ್ತಿದೆ. ನಮ್ಮ ಕುಟುಂಬದ ಬನದ ಜೀರ್ಣೋದ್ಧಾರಕ್ಕೆ ಎರಡು ವರ್ಷದ ಹಿಂದೆ ಎಲ್ಲರೂ ಸೇರಿದ್ದೆವು. ಕಟ್ಟೆಗೆ ಗ್ರಾನೈಟ್, ಸುತ್ತ ಇಂಟರ್‌ಲಾಕ್, ಕಸ ಬೀಳದ ಹಾಗೆ ಧೂಪದ ಮರ ತೆಗೆಯುವುದು ಎಂದು ಲೆಕ್ಕ ಹಾಕಿಯಾಗಿತ್ತು. ದುಡ್ಡು ಕೊಡುವವರ ಪಟ್ಟಿಯಲ್ಲಿ ನನ್ನ ಹೆಸರೂ ಇತ್ತು, ನಾನು ಸುಮ್ಮನಿದ್ದೆ. ಮೂಲೆಯಲ್ಲಿ ಕೂತಿದ್ದ ಅಜ್ಜಯ್ಯ ಕೇಳಿದರು: “ಮರ ಇಲ್ದಿರೆ ನಾಗ ಎಲ್ ಇಪ್ಪುದು?”

ಯಾರಲ್ಲೂ ಉತ್ತರವಿರಲಿಲ್ಲ. ಕಟ್ಟೆ ಆಯಿತು, ಇಂಟರ್‌ಲಾಕ್ ಅರ್ಧಕ್ಕೆ ನಿಂತಿತು, ಮರ ಉಳಿಯಿತು. ಕಳೆದ ಮಳೆಗಾಲದಲ್ಲಿ ಬೀಜ ಬಿತ್ತು. ಇಂಟರ್‌ಲಾಕ್ ಹಾಸಿದ ಕಡೆ ಬಿದ್ದವನ್ನು ಗುಡಿಸಿ ಎಸೆದರು. ಮಣ್ಣಿದ್ದ ಕಡೆ ಈಗ ಏಳು ಸಸಿಗಳಿವೆ. ಈ ಸಲ ಊರಿಗೆ ಹೋದಾಗ ಎಣಿಸಿ ಬಂದೆ.