ಕಂಪ್ಯೂಟರಿನಿಂದ ಟಿವಿಗೆ: ಹಾರೂಗೇರಿ ಸೀಮೆಯ ಪಡಸಾಲೆಗೆ ಎಚ್‌ಡಿ ಬಂದ ದಾರಿ

ರಾಯಬಾಗ ತಾಲೂಕಿನ ಹಾರೂಗೇರಿಯಲ್ಲಿ ಮದುವೆ ಮುಗಿದ ಕೆಲವು ವಾರಕ್ಕೆ ಶೂಟಿಂಗಿನವರು ಮನೆಗೆ ಮುಟ್ಟಿಸುವುದು ಈಗ ಒಂದು ಪೆನ್‌ಡ್ರೈವ್. ಸುರಗಿಯಿಂದ ಹಿಡಿದು ಅಕ್ಕಿಕಾಳು ಬೀಳುವವರೆಗಿನ ಎಲ್ಲವೂ ಅದರಲ್ಲಿ ಎಚ್‌ಡಿಯಾಗಿ ಕೂತಿರುತ್ತದೆ. ಮನೆಮಂದಿಯೆಲ್ಲ ಸೇರಿ ಅದನ್ನು ನೋಡುವ ಜಾಗ ಪಡಸಾಲೆಯ ಟಿವಿ. ಫೋನಿನ ಅಂಗೈಯಗಲದ ಪರದೆಯಲ್ಲಿ ಅಜ್ಜಿಗೆ ಬೀಗರ ಮುಖ ಗುರುತು ಹತ್ತುವುದಿಲ್ಲ. ಕಂಪ್ಯೂಟರಿನಲ್ಲಿ ತಯಾರಾದ ಕಡತ ಟಿವಿಯನ್ನು ಮುಟ್ಟುವ ಈ ಪುಟ್ಟ ದಾರಿಗೆ ಸುಮಾರು 25 ವರ್ಷಗಳ ಚರಿತ್ರೆಯಿದೆ. ಅದನ್ನು ಯಂತ್ರಗಳ ವಂಶಾವಳಿಯಾಗಿ ಹೇಳಬಹುದು. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು, ಪ್ರತಿ ಹಂತದಲ್ಲೂ ನೋಡುವವರ ಕೈಗೆ ಏನು ಬಂತು, ಕೈಯಿಂದ ಏನು ಜಾರಿತು ಎಂಬ ಲೆಕ್ಕ.

ಟಿವಿ ಈ ಕಡೆಗೆ ಬಂದಾಗ ನೋಡುವವರಿಗೆ ಆಯ್ಕೆಯೇ ಇರಲಿಲ್ಲ. 1975ರ ಆಗಸ್ಟ್ 1ರಿಂದ ಒಂದು ವರ್ಷ ನಡೆದ ‘ಸೈಟ್’ ಪ್ರಯೋಗದಲ್ಲಿ ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮಗಳು ತಲುಪಿದವು. ಕರ್ನಾಟಕದಲ್ಲಿ ಆರಿಸಿದ್ದು ವಿಜಾಪುರ, ಕಲಬುರ್ಗಿ, ರಾಯಚೂರು ಜಿಲ್ಲೆಗಳನ್ನು. ನಮ್ಮ ಪಕ್ಕದ ಅಥಣಿ ತಾಲೂಕು ದಾಟಿದರೆ ವಿಜಾಪುರದ ಸೀಮೆಯೇ. 1981ರಲ್ಲಿ ಬೆಂಗಳೂರು ದೂರದರ್ಶನ ಕೇಂದ್ರ ಶುರುವಾಯಿತು, ಮರುವರ್ಷದ ಏಷ್ಯನ್ ಕ್ರೀಡಾಕೂಟದೊಂದಿಗೆ ಬಣ್ಣ ಬಂತು. ಆದರೂ ಏನು ನೋಡಬೇಕು, ಎಷ್ಟು ಹೊತ್ತಿಗೆ ನೋಡಬೇಕು ಎಂಬುದನ್ನು ಗೊತ್ತುಮಾಡುವವರು ಬೇರೆ ಎಲ್ಲೋ ಇದ್ದರು. ಆ ಅಧಿಕಾರವನ್ನು ಮೊದಲು ಮನೆಗೆ ತಂದದ್ದು ವಿಡಿಯೋ ಕ್ಯಾಸೆಟ್ಟು. ಜಪಾನಿನ ಜೆವಿಸಿ 1976ರಲ್ಲಿ ಹೊರತಂದ ವಿಎಚ್‌ಎಸ್ ಎಂಬತ್ತರ ದಶಕದಲ್ಲಿ ನಮ್ಮ ಊರುಗಳಿಗೂ ಬಂತು. ಟಿವಿ, ವಿಸಿಆರ್ ಎರಡನ್ನೂ ಬಾಡಿಗೆಗೆ ತಂದು, ಅಂಗಳದಲ್ಲಿ ಚಾಪೆ ಹಾಸಿ, ಬೆಳಗಾಗುವವರೆಗೆ ಒಂದರ ಮೇಲೊಂದು ಸಿನಿಮಾ ಹಾಕುತ್ತಿದ್ದ ಕಾಲವದು.

ಕಂಪ್ಯೂಟರಿನ ಪ್ರವೇಶಕ್ಕೆ ದಾರಿ ಮಾಡಿದ್ದು 1993ರ ವಿಡಿಯೋ ಸಿಡಿ. ಚಿತ್ರವನ್ನು ಅಂಕಿಗಳಾಗಿ ಕುಗ್ಗಿಸಿ ಇಡುವ ಎಂಪೆಗ್-1 ಪದ್ಧತಿ ಅದರಲ್ಲಿತ್ತು. ಒಂದು ಸಿಡಿಗೆ 74 ನಿಮಿಷ. ಹಾಗಾಗಿ ನಮ್ಮ ಸಿನಿಮಾಗಳು ಎರಡು, ಕೆಲವೊಮ್ಮೆ ಮೂರು ಸಿಡಿಗಳಲ್ಲಿ ಬರುತ್ತಿದ್ದವು. ಅದರ ಚಿತ್ರದ ಅಳತೆ 352 ಅಡ್ಡ, 288 ಉದ್ದ, ಅಂದರೆ ಸುಮಾರು ಒಂದು ಲಕ್ಷ ಚುಕ್ಕೆ. ಈಗ ನಾವು ಪೂರ್ಣ ಎಚ್‌ಡಿ ಎನ್ನುವ 1920 ಮತ್ತು 1080ರ ಚಿತ್ರದಲ್ಲಿ 20 ಲಕ್ಷಕ್ಕೂ ಮಿಕ್ಕಿ ಚುಕ್ಕೆಗಳಿವೆ. ನಡುವೆ 1996ರಲ್ಲಿ ಜಪಾನಿನಲ್ಲಿ ಶುರುವಾದ ಡಿವಿಡಿ, ನಮ್ಮ ಪಾಲ್ ಟಿವಿ ಪದ್ಧತಿಯಲ್ಲಿ, ನಾಲ್ಕು ಲಕ್ಷದ ಹತ್ತಿರ ನಿಂತಿತು.

2000ದ ಆಸುಪಾಸಿನಲ್ಲಿ ಡಿವ್‌ಎಕ್ಸ್, ಅದರ ಬೆನ್ನಿಗೇ ಎಕ್ಸ್‌ವಿಡ್ ಎಂಬ ಕುಗ್ಗಿಸುವ ಪದ್ಧತಿಗಳು ಬಂದು ಇಡೀ ಸಿನಿಮಾವನ್ನು ಒಂದೇ ಸಿಡಿಯ 700 ಎಂಬಿಗೆ ಇಳಿಸಿದವು. ಸಾಮಾನ್ಯ ವಿಸಿಡಿ ಪ್ಲೇಯರಿಗೆ ಅದು ಓದಲು ಬರುತ್ತಿರಲಿಲ್ಲ, ಕಂಪ್ಯೂಟರಿಗೆ ಬರುತ್ತಿತ್ತು. ಕಂಪ್ಯೂಟರನ್ನು ಟಿವಿಗೆ ಜೋಡಿಸಬೇಕೆಂಬ ಹಂಬಲ ನಿಜವಾಗಿ ಹುಟ್ಟಿದ್ದು ಇಲ್ಲಿ. ಅದು ಸಲೀಸಿನ ಕೆಲಸವಾಗಿರಲಿಲ್ಲ. ಡಬ್ಬಾ ಟಿವಿಯ ಹಿಂದೆ ಇದ್ದದ್ದು ಹಳದಿ, ಬಿಳಿ, ಕೆಂಪು ಪಿನ್ನುಗಳ ತೂತು. ಕಂಪ್ಯೂಟರಿನ ಹಿಂದೆ ಇದ್ದದ್ದು ಐಬಿಎಂ 1987ರಲ್ಲಿ ತಂದ 15 ಕಾಲಿನ ವಿಜಿಎ. ಎರಡಕ್ಕೂ ಮಾತುಕತೆ ಸಾಧ್ಯವಿರಲಿಲ್ಲ. ಟಿವಿ-ಔಟ್ ಇರುವ ಗ್ರಾಫಿಕ್ಸ್ ಕಾರ್ಡು ಬೇಕು, ಅದರ ಎಸ್-ವಿಡಿಯೋ ತೂತಿನಿಂದ ಹಳದಿ ಪಿನ್ನಿಗೆ ಪರಿವರ್ತಕ ಬೇಕು, ಧ್ವನಿಗೆ ಹೆಡ್‌ಫೋನ್ ತೂತಿನಿಂದ ಕೆಂಪು-ಬಿಳಿಗೆ ಬೇರೆಯೇ ವೈರು ಬೇಕು. ಇಂಥ ಸಾಮಾನು ಸಣ್ಣ ಊರಿನ ಅಂಗಡಿಯಲ್ಲಿ ಸಿಗದೆ ಜನ ಬೆಳಗಾವಿಗೋ ಮಿರಜ, ಸಾಂಗಲಿಗೋ ಹೋಗಬೇಕಾಗುತ್ತಿತ್ತು. ಎಲ್ಲ ಕೂಡಿಬಂದರೂ ಅಕ್ಷರಗಳು ನಡುಗುತ್ತಿದ್ದವು, ಚಿತ್ರದ ಅಂಚು ಟಿವಿಯ ಚೌಕಟ್ಟಿನ ಹಿಂದೆ ಅಡಗುತ್ತಿತ್ತು. ಅಂಚನ್ನು ಮರೆಮಾಡುವುದು ಹಳೆಯ ಟಿವಿಗಳ ವಿನ್ಯಾಸದಲ್ಲೇ ಇತ್ತು. ಆ ಚಾಳಿ ಇಂದಿನ ಚಪ್ಪಟೆ ಟಿವಿಗಳಲ್ಲೂ ಉಳಿದಿದೆ: ಲ್ಯಾಪ್‌ಟಾಪ್ ಜೋಡಿಸಿದಾಗ ಕೆಳಗಿನ ಪಟ್ಟಿ ಕಾಣದಿದ್ದರೆ ಟಿವಿಯ ಚಿತ್ರದ ಅಳತೆಯನ್ನು ‘ಜಸ್ಟ್ ಸ್ಕ್ಯಾನ್’ ಅಥವಾ ಅಂಥದೇ ಹೆಸರಿನ ಆಯ್ಕೆಗೆ ಬದಲಿಸಬೇಕು.

ಈ ತೊಡಕನ್ನು ಬಿಡಿಸಿದ್ದು 2002ರ ಡಿಸೆಂಬರಿನಲ್ಲಿ ಹೊರಬಿದ್ದ ಎಚ್‌ಡಿಎಂಐ. ಸೋನಿ, ಫಿಲಿಪ್ಸ್, ತೋಷಿಬಾ, ಹಿಟಾಚಿ, ಪ್ಯಾನಸಾನಿಕ್‌ನ ಅಂದಿನ ಮಾತೃಸಂಸ್ಥೆ ಮತ್ಸುಶಿತಾ, ಥಾಮ್ಸನ್, ಸಿಲಿಕಾನ್ ಇಮೇಜ್ ಕೂಡಿ ರೂಪಿಸಿದ ಈ ವೈರಿನಲ್ಲಿ ಚಿತ್ರವೂ ಧ್ವನಿಯೂ ಅಂಕಿಗಳಾಗಿಯೇ, ಒಟ್ಟಿಗೇ ಹರಿದವು. ಅದೇ ಹೊತ್ತಿಗೆ, 2003ರಲ್ಲಿ, ಎಚ್.264 ಎಂಬ ಸಂಕೋಚನ ಪದ್ಧತಿ ಸಿದ್ಧವಾಯಿತು. ಈ ಚರಿತ್ರೆಯಲ್ಲಿ ಒಂದೇ ಒಂದು ವಸ್ತುವಿಗೆ ಗೌರವ ಸಲ್ಲಬೇಕೆಂದರೆ ನಾನು ಎಚ್.264ರ ಹೆಸರು ಹೇಳುತ್ತೇನೆ. ಪೂರ್ಣ ಎಚ್‌ಡಿ ಚಿತ್ರವನ್ನು ಕುಗ್ಗಿಸದೆ, ಸೆಕೆಂಡಿಗೆ 25 ಚೌಕಟ್ಟಿನಂತೆ ಕಳಿಸಿದರೆ ಸೆಕೆಂಡಿಗೆ 124 ಕೋಟಿ ಬಿಟ್‌ಗಳಾಗುತ್ತವೆ. ಎಚ್.264 ಅದನ್ನು ಒಂದು ಕೋಟಿಯ ಆಸುಪಾಸಿಗೆ ತಂದರೂ ಕಣ್ಣಿಗೆ ಕೊರತೆ ಎದ್ದು ಕಾಣುವುದಿಲ್ಲ. ಒಂದು ಚೌಕಟ್ಟಿನಿಂದ ಮುಂದಿನದಕ್ಕೆ ಏನು ಸರಿಯಿತು, ಏನು ಇದ್ದಲ್ಲೇ ಇದೆ ಎಂದು ಲೆಕ್ಕಹಾಕಿ, ಬದಲಾದದ್ದನ್ನಷ್ಟೇ ಬರೆದಿಡುವ ಜಾಣ್ಮೆ ಅದರದು.

ಅದರ ಬೆಲೆ ತೆರಬೇಕಾದದ್ದು ಕಂಪ್ಯೂಟರಿನ ಪ್ರೊಸೆಸರ್. ಪೆಂಟಿಯಂ 4ರ ಕಾಲದ ಯಂತ್ರಗಳು ಪೂರ್ಣ ಎಚ್‌ಡಿ ಕಡತ ತೆರೆದರೆ ತಡವರಿಸುತ್ತಿದ್ದವು. ತುಟಿ ಒಂದು ಕಡೆ, ಮಾತು ಇನ್ನೊಂದು ಕಡೆ. ಕುಗ್ಗಿಸಿದ್ದನ್ನು ಬಿಡಿಸುವ ಕೆಲಸವನ್ನು ಗ್ರಾಫಿಕ್ಸ್ ಚಿಪ್ಪಿಗೇ ವಹಿಸುವ ವ್ಯವಸ್ಥೆ ಹಬ್ಬಿದ ಮೇಲಷ್ಟೇ ಅಗ್ಗದ ಯಂತ್ರವೂ ಎಚ್‌ಡಿ ಓಡಿಸತೊಡಗಿತು. ಎನ್‌ವಿಡಿಯಾ ಲಿನಕ್ಸ್‌ಗೆ ವಿಡಿಪಿಎಯು ಎಂಬ ಇಂಥ ವ್ಯವಸ್ಥೆ ಕೊಟ್ಟದ್ದು 2008ರಲ್ಲಿ. ಅದೇ ವರ್ಷ ಎಚ್‌ಡಿ ಡಿಸ್ಕುಗಳ ಪೈಪೋಟಿಯಲ್ಲಿ ಎಚ್‌ಡಿ ಡಿವಿಡಿ ಕಣದಿಂದ ಹಿಂದೆ ಸರಿದು ಬ್ಲೂ-ರೇ ಗೆದ್ದಿತು. ಆ ಗೆಲುವು ನಮ್ಮ ಕಡೆಗೆ ಹೆಚ್ಚುಕಡಿಮೆ ಮುಟ್ಟಲೇ ಇಲ್ಲ. ಹಾರೂಗೇರಿಯಂಥ ಊರು ಡಿವಿಡಿಯಿಂದ ನೇರ ಪೆನ್‌ಡ್ರೈವಿಗೆ ಜಿಗಿಯಿತು.

ಆ ಜಿಗಿತಕ್ಕೆ ಕಾರಣ ಟಿವಿಯ ಮಗ್ಗುಲಿಗೆ ಬಂದ ಯುಎಸ್‌ಬಿ ತೂತು. ಕಂಪ್ಯೂಟರಿನಿಂದ ಕಡತ ಹಾಕಿಕೊಂಡು ಬಂದು ಚುಚ್ಚಿದರೆ ಸಾಕು ಎಂದಾಯಿತು. ಇಲ್ಲಿ ಇಂದಿಗೂ ಜನ ಹೆಚ್ಚು ಒದ್ದಾಡುವುದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಮೊದಲನೆಯದು, ಪೆನ್‌ಡ್ರೈವಿನ ಫ್ಯಾಟ್32 ಪದ್ಧತಿ. 4 ಜಿಬಿಗಿಂತ ದೊಡ್ಡ ಕಡತವನ್ನು ಅದು ಇಟ್ಟುಕೊಳ್ಳುವುದೇ ಇಲ್ಲ. ಮದುವೆ ಶೂಟಿಂಗಿನ ಎವಿಸಿಎಚ್‌ಡಿ ಕ್ಯಾಮೆರಾ ಸೆಕೆಂಡಿಗೆ 24 ಮೆಗಾಬಿಟ್‌ನಂತೆ ಬರೆದರೆ ಒಂದು ಗಂಟೆಗೆ 10.8 ಜಿಬಿ; 4 ಜಿಬಿ ತುಂಬಲು 24 ನಿಮಿಷವೂ ಬೇಡ. ಪೆನ್‌ಡ್ರೈವಿನಲ್ಲಿ 32 ಜಿಬಿ ಖಾಲಿ ಇದ್ದರೂ ‘ಜಾಗ ಇಲ್ಲ’ ಅಥವಾ ‘ಕಡತ ದೊಡ್ಡದಾಯಿತು’ ಎಂದು ಕಂಪ್ಯೂಟರ್ ಹೇಳುವುದು ಇದಕ್ಕೇ. ಅದನ್ನು ಎಕ್ಸ್‌ಫ್ಯಾಟ್‌ಗೋ ಎನ್‌ಟಿಎಫ್‌ಎಸ್‌ಗೋ ಬದಲಿಸಿದರೆ ಕಡತ ಹಿಡಿಯುತ್ತದೆ, ಆದರೆ ಹಳೆಯ ಟಿವಿಗಳಲ್ಲಿ ಕೆಲವು ಇವನ್ನು ಓದುವುದಿಲ್ಲ.

ಎರಡನೆಯದು, ಕಡತದ ಹೆಸರಿನ ಬಾಲ ನೋಡಿ ಮೋಸಹೋಗುವುದು. 2002ರಲ್ಲಿ ಶುರುವಾದ ಎಂಕೆವಿಯಾಗಲಿ ಅದಕ್ಕಿಂತ ಹಳೆಯ ಎವಿಐ ಆಗಲಿ ಹೊರಗಿನ ಹೊದಿಕೆ ಮಾತ್ರ. ಬುತ್ತಿಗಂಟು ನೋಡಿದ ಮಾತ್ರಕ್ಕೆ ಒಳಗೆ ಜೋಳದ ರೊಟ್ಟಿಯಿದೆಯೋ ಚಪಾತಿಯಿದೆಯೋ ಗೊತ್ತಾಗದು. ಒಂದು ಎಂಕೆವಿ ಸಲೀಸಾಗಿ ಓಡುತ್ತದೆ, ಮತ್ತೊಂದರಲ್ಲಿ ಚಿತ್ರ ಬಂದು ಧ್ವನಿ ಬರುವುದಿಲ್ಲ. ಒಳಗಿನ ಧ್ವನಿ ಡಿಟಿಎಸ್ ಆಗಿದ್ದು, ಟಿವಿ ತಯಾರಕರು ಅದರ ಪರವಾನಗಿಗೆ ಹಣ ಕಟ್ಟಿರದಿದ್ದರೆ ಹೀಗಾಗುತ್ತದೆ. ಕಂಪ್ಯೂಟರಿನಲ್ಲಿ ವಿಎಲ್‌ಸಿ ಪ್ಲೇಯರ್ ಹಾಕಿದರೆ ಅದೇ ಕಡತ ಮಾತಾಡುತ್ತದೆ. ಪ್ಯಾರಿಸ್ಸಿನ ಎಕೋಲ್ ಸೆಂಟ್ರಾಲ್ ಕಾಲೇಜಿನ ವಿದ್ಯಾರ್ಥಿಗಳು 1996ರಲ್ಲಿ ಕೈಹಾಕಿ, 2001ರಲ್ಲಿ ಮುಕ್ತ ತಂತ್ರಾಂಶವಾಗಿ ಬಿಟ್ಟುಕೊಟ್ಟ ವಿಎಲ್‌ಸಿಗೆ, ಚಿತ್ರ, ಧ್ವನಿ ಬಿಡಿಸುವ ಹೊರಗಿನ ಕೋಡೆಕ್ಕುಗಳಿಗಾಗಿ ಹುಡುಕಾಡುವ ಕಷ್ಟವಿಲ್ಲ. ಇಂಥ ಕಡತದ ಚಿತ್ರವನ್ನು ಮುಟ್ಟದೆ ಧ್ವನಿಯನ್ನಷ್ಟೇ ಎಎಸಿಗೆ ಬದಲಿಸಲು ಎಫ್‌ಎಫ್‌ಎಂಪೆಗ್ ಎಂಬ ಉಚಿತ ಸಾಧನಕ್ಕೆ ಕೆಲವೇ ನಿಮಿಷ ಸಾಕು. ನಮ್ಮ ಸ್ಟುಡಿಯೋದವರು ಇದೊಂದನ್ನು ಕಲಿತು, ಮದುವೆಯ ಕಡತವನ್ನು ಎಂಪಿ4 ಹೊದಿಕೆಯಲ್ಲಿ, ಎಚ್.264 ಚಿತ್ರ ಮತ್ತು ಎಎಸಿ ಧ್ವನಿಯಾಗಿ ಕೊಟ್ಟರೆ ಗಿರಾಕಿಗಳು ಮತ್ತೆ ಮತ್ತೆ ಅಂಗಡಿಗೆ ಬರುವ ತಾಪತ್ರಯ ಬಹುಪಾಲು ತಪ್ಪುತ್ತದೆ.

ಟಿವಿ ಮತ್ತು ಕಂಪ್ಯೂಟರಿನ ನಡುವೆ ಪುಟ್ಟ ಪೆಟ್ಟಿಗೆ ಇಡುವ ಇನ್ನೊಂದು ಧಾರೆಯೂ ಬೆಳೆಯಿತು. ಮೈಕ್ರೋಸಾಫ್ಟಿನ ಎಕ್ಸ್‌ಬಾಕ್ಸ್ ಆಟದ ಯಂತ್ರಕ್ಕಾಗಿ ಹವ್ಯಾಸಿಗಳು ಬರೆದ ಎಕ್ಸ್‌ಬಿಎಂಸಿ ಎಂಬ ಪ್ಲೇಯರ್ ಮುಂದೆ 2014ರಲ್ಲಿ ಕೋಡಿ ಎಂಬ ಹೆಸರು ಪಡೆಯಿತು. 2012ರಲ್ಲಿ ಬಂದ 35 ಡಾಲರಿನ ರಾಸ್ಪ್‌ಬೆರಿ ಪೈ ಫಲಕ ಪೂರ್ಣ ಎಚ್‌ಡಿ ಎಚ್.264 ಕಡತವನ್ನು ಚಿಪ್ಪಿನಲ್ಲೇ ಬಿಡಿಸಿ ಎಚ್‌ಡಿಎಂಐಗೆ ಕೊಡುತ್ತಿತ್ತು. ಮನೆಯ ಜಾಲದ ಮೂಲಕ ಕಂಪ್ಯೂಟರಿನ ಕಡತವನ್ನು ಟಿವಿಗೆ ಕಾಣಿಸುವ ಡಿಎಲ್‌ಎನ್‌ಎ, ವೈರಿಲ್ಲದ ಮಿರಾಕಾಸ್ಟ್, ಗೂಗಲ್‌ನ ಕ್ರೋಮ್‌ಕಾಸ್ಟ್ ಸಾಲುಸಾಲಾಗಿ ಬಂದವು. ಕೆಲಸ ಮಾಡಿದಾಗ ಇವೆಲ್ಲ ಸೊಗಸು. ಆದರೆ ವೈಫೈ ಸೊರಗಿದರೆ ಎಚ್‌ಡಿ ಮೊದಲು ಸೊರಗುತ್ತದೆ. ದಪ್ಪ ಗೋಡೆಯ ಹಳೆಯ ಮನೆಗಳಲ್ಲಿ ಹತ್ತು ಮೀಟರು ಲ್ಯಾನ್ ವೈರು ಇವೆಲ್ಲಕ್ಕಿಂತ ನಂಬಿಕೆಯದು.

2016ರ ಸೆಪ್ಟೆಂಬರ್ 5ರಂದು ಜಿಯೋದ ಅಗ್ಗದ ಇಂಟರ್ನೆಟ್ ಶುರುವಾದ ಮೇಲೆ ಚಿತ್ರಣವೇ ಬದಲಾಯಿತು. ಅದಕ್ಕೆ ಮೊದಲು ಮೊಬೈಲ್ ಅಂಗಡಿಗಳಲ್ಲಿ ಮೆಮೊರಿ ಕಾರ್ಡಿಗೆ, ಪೆನ್‌ಡ್ರೈವಿಗೆ ಹಾಡು ಸಿನಿಮಾ ತುಂಬಿಸಿಕೊಡುವುದು ಊರೂರಲ್ಲೂ ನಡೆದ ವ್ಯಾಪಾರ. ಅದರಲ್ಲಿ ಬಹಳಷ್ಟು ಕಳ್ಳಪ್ರತಿ, ಕನ್ನಡ ನಿರ್ಮಾಪಕರ ಅನ್ನಕ್ಕೆ ಕುತ್ತು ತಂದದ್ದು ಎಂಬುದನ್ನು ಮುಚ್ಚಿಡಬಾರದು. 2023ರ ಸಿನಿಮಾಟೋಗ್ರಾಫ್ ತಿದ್ದುಪಡಿ ಕಾಯ್ದೆ ಸಿನಿಮಾ ಕದ್ದು ಚಿತ್ರಿಸುವ, ಕಳ್ಳಪ್ರತಿ ಪ್ರದರ್ಶಿಸುವ ಅಪರಾಧಕ್ಕೆ ಕನಿಷ್ಠ ಮೂರು ತಿಂಗಳು ಜೈಲು, 3 ಲಕ್ಷ ರೂಪಾಯಿ ದಂಡ ಇಟ್ಟಿದೆ. ಈಗ ಸಿನಿಮಾ ಜಾಲದಿಂದ ನೇರವಾಗಿ ಟಿವಿಗೆ ಬರುತ್ತದೆ. ಅನುಕೂಲವೇ. ಆದರೆ ಚಂದಾ ಮುಗಿದರೆ, ಒಪ್ಪಂದ ಮುಗಿದರೆ, ಚಿತ್ರ ನಮ್ಮ ಪರದೆಯಿಂದ ಮಾಯವಾಗುತ್ತದೆ. ಕ್ಯಾಸೆಟ್ಟು ಮನೆಗೆ ತಂದುಕೊಟ್ಟಿದ್ದ ಅಧಿಕಾರ ಮತ್ತೆ ದೂರದವರ ಕೈಗೆ ಹೋಗಿದೆ. ಮದುವೆ, ಎತ್ತಿನಗಾಡಿ ಶರ್ಯತ್ತು, ಊರ ಜಾತ್ರೆ, ಕರಡಿ ಮಜಲು ಇವೆಲ್ಲ ಯಾರ ಚಂದಾ ಪಟ್ಟಿಯಲ್ಲೂ ಖಾತ್ರಿಯಾಗಿ ಉಳಿಯುವಂಥವಲ್ಲ. ಅವುಗಳ ಕಡತ ಮನೆಯ ಡಿಸ್ಕಿನಲ್ಲೇ ಇರಬೇಕು, ಟಿವಿಗೆ ಬರುವ ದಾರಿ ಮನೆಯವರಿಗೆ ಗೊತ್ತಿರಬೇಕು.

ಕನ್ನಡದ ಮಟ್ಟಿಗೆ ಈ ದಾರಿ ಇನ್ನೂ ಪೂರ್ತಿ ಸಮವಾಗಿಲ್ಲ. ಕಡತದ ಜೊತೆ ಕನ್ನಡ ಉಪಶೀರ್ಷಿಕೆ ಹಾಕಿ ನೋಡಿ: ಎಷ್ಟೋ ಟಿವಿಗಳ ಒಳಗಿನ ಪ್ಲೇಯರಿನಲ್ಲಿ ಖಾಲಿ ಚೌಕಗಳು ಬರುತ್ತವೆ, ಇಲ್ಲವೇ ಒತ್ತಕ್ಷರಗಳು ಕಳಚಿ ಬಿಡಿಬಿಡಿಯಾಗಿ ನಿಲ್ಲುತ್ತವೆ. ಯುನಿಕೋಡ್‌ನಲ್ಲಿ ಕನ್ನಡ 1991ರಿಂದಲೇ ಇದೆ. ಅಕ್ಷರಗಳನ್ನು ಸರಿಯಾಗಿ ಜೋಡಿಸುವ ಹಾರ್ಫ್‌ಬಜ್ ಮುಕ್ತವಾಗಿಯೇ ಸಿಗುತ್ತದೆ. ಅದನ್ನು ಬಳಸುವ ಪ್ಲೇಯರುಗಳಲ್ಲಿ, ಕನ್ನಡ ಫಾಂಟ್ ಇದ್ದರೆ, ಅಕ್ಷರ ಸರಿಯಾಗಿಯೇ ಕಾಣುತ್ತದೆ. ಹಾಗಾಗಿ ಟಿವಿ ತಯಾರಕರು ಹೇಳಬಹುದಾದ ನೆಪ ಏನೂ ಉಳಿದಿಲ್ಲ. ಕಿವಿ ಮಂದವಾದವರಿಗೆ ಅಕ್ಷರ ಬೇಕು; ಮರಾಠಿ ಸಿನಿಮಾವನ್ನು ಕನ್ನಡ ಅಕ್ಷರದೊಂದಿಗೆ ನೋಡಬಯಸುವ ಮನೆಗಳು ಈ ಗಡಿಸೀಮೆಯಲ್ಲಿವೆ. ಸದ್ಯಕ್ಕೆ ಲ್ಯಾಪ್‌ಟಾಪಿನಿಂದ ಎಚ್‌ಡಿಎಂಐ ಮೂಲಕವೇ ತೋರಿಸಬೇಕು, ಇಲ್ಲವೇ ಅಕ್ಷರಗಳನ್ನು ಚಿತ್ರದಲ್ಲೇ ಅಚ್ಚೊತ್ತಬೇಕು.

ಇನ್ನು ಹಳೆಯ ಚಿತ್ರಗಳನ್ನು ಎಚ್‌ಡಿಗೆ ತರುವ ಮಾತು. ಗಿರೀಶ ಕಾಸರವಳ್ಳಿಯವರ 1977ರ ಸಿನಿಮಾ ‘ಘಟಶ್ರಾದ್ಧ’ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತಿತರರ ದುಡಿಮೆಯಿಂದ 4ಕೆಯಲ್ಲಿ ಪುನರುಜ್ಜೀವನಗೊಂಡು 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆಕಂಡಿತು. ಮೂಲ ಫಿಲ್ಮಿನಲ್ಲಿ ವಿವರ ಅಡಗಿದ್ದರಿಂದ ಅದು ಸಾಧ್ಯವಾಯಿತು. ವಿಎಚ್‌ಎಸ್‌ನಲ್ಲಿ ಅಂಥ ವಿವರ ಅಡಗಿಲ್ಲ, ಅಡ್ಡಕ್ಕೆ ಎಣಿಸಿದರೆ ಅದರ ಸ್ಪಷ್ಟತೆ 240 ಗೆರೆಗಳ ಆಸುಪಾಸು. ಎಚ್‌ಡಿಗೆ ಹಿಗ್ಗಿಸುತ್ತೇವೆಂದು ಯಾರಾದರೂ ಹೆಚ್ಚು ಹಣ ಕೇಳಿದರೆ ಕೊಡಬೇಕಾಗಿಲ್ಲ. ಆದರೆ ಆ ಕ್ಯಾಸೆಟ್ಟುಗಳನ್ನು ಕಡತ ಮಾಡಿಸುವುದು ತುರ್ತು. ಕುಲಗೋಡ ತಮ್ಮಣ್ಣನ ಶ್ರೀಕೃಷ್ಣ ಪಾರಿಜಾತ ಬಯಲಾಟವನ್ನು ಕೌಜಲಗಿ ನಿಂಗಮ್ಮನಂಥವರು ಆಡಿ ಬೆಳೆಸಿದ ನೆಲವಿದು. ಎಂಬತ್ತು, ತೊಂಬತ್ತರ ದಶಕದಲ್ಲಿ ಯಾರಾದರೂ ಚಿತ್ರಿಸಿಟ್ಟ ಪಾರಿಜಾತ, ಸಣ್ಣಾಟಗಳ ಕ್ಯಾಸೆಟ್ಟುಗಳಿದ್ದರೆ ಅವುಗಳ ಕಾಂತಪದರ ವರ್ಷದಿಂದ ವರ್ಷಕ್ಕೆ ಸವೆಯುತ್ತಿದೆ. ವಿಸಿಆರ್ ತಯಾರಿಸುತ್ತಿದ್ದ ಕೊನೆಯ ದೊಡ್ಡ ಕಂಪನಿ, ಜಪಾನಿನ ಫುನಾಯ್, 2016ರ ಜುಲೈಯಲ್ಲಿ ಆ ಕೆಲಸ ನಿಲ್ಲಿಸಿತು. ಉಳಿದ ಯಂತ್ರಗಳು ಓಡುತ್ತಿರುವಾಗಲೇ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಬೇಕು: ಪಾಲ್‌ನ 576 ಗೆರೆಗಳನ್ನು, ಸೆಕೆಂಡಿನ 50 ಅರ್ಧಚಿತ್ರಗಳನ್ನು ಇದ್ದಂತೆಯೇ ಉಳಿಸಿಕೊಂಡ ಮೂಲಕಡತ ಒಂದು, ಅದರಿಂದ ಟಿವಿಗೆಂದು ಗೆರೆ ಕೂಡಿಸಿ ತೆಗೆದ ಎಚ್.264 ಪ್ರತಿ ಇನ್ನೊಂದು, ಎರಡೂ ಬೇರೆ ಬೇರೆ ಡಿಸ್ಕಿನಲ್ಲಿ.