ಚೆನ್ನೆಮಣೆಯೂ ಸ್ವರದ ಪೆಟ್ಟಿಗೆಯೂ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಕಡೆ ಹುಟ್ಟಿ ಬೆಳೆದ ಹೆಂಗಸರಿಗೆ ಚೆನ್ನೆಮಣೆಯ ಪರಿಚಯ ಮಾಡಿಕೊಡಬೇಕಾಗಿಲ್ಲ. ಎರಡು ಸಾಲು, ಸಾಲಿಗೆ 7 ಮನೆ, ಮನೆಗೆ 4ರಂತೆ 56 ಮಂಜೊಟ್ಟಿ ಕಾಳು. ಆಟಿಯ ಜಡಿಮಳೆಗೆ ಚಾವಡಿಗೆ ಬರುತ್ತಿದ್ದ ಈ ಮಣೆಯ ಮುಖ್ಯ ನಿಯಮ ಬಹಳ ಸರಳ. ಒಂದು ಮನೆಯ ಕಾಳು ತೆಗೆದು ಮುಂದಿನ ಮನೆಗಳಿಗೆ ಒಂದೊಂದಾಗಿ ಹಂಚಬೇಕು, ಅಷ್ಟೆ. ಆದರೂ ನಾಲ್ಕು ಸುತ್ತಿನೊಳಗೆ ಮಣೆಯ ರೂಪವೇ ಬದಲಾಗಿರುತ್ತದೆ.

ಸಂಗೀತದಲ್ಲೂ ಇಂಥದೊಂದು ಮಣೆಯಿದೆ. ಅದರ ಹೆಸರು ಸೀಕ್ವೆನ್ಸರ್. ಅದರ ಮನೆಗಳಲ್ಲಿ ಕಾಳಿನ ಬದಲು ಸ್ವರಗಳನ್ನು ಇಡುತ್ತಾರೆ. ಯಂತ್ರವು ಒಂದೊಂದೇ ಮನೆಯ ಸ್ವರವನ್ನು ನುಡಿಸುತ್ತಾ ಹೋಗಿ, ಕೊನೆ ಮುಟ್ಟಿದೊಡನೆ ಮೊದಲಿಗೆ ಮರಳುತ್ತದೆ. ಹಾಗೆಯೇ ಬಿಟ್ಟರೆ ಗಾಣದೆತ್ತಿನ ಸುತ್ತೇ ಸರಿ. ಆದರೆ ಒಂದು ಸಾಲಿಗೆ 7 ಮನೆ, ಜೊತೆಯ ಸಾಲಿಗೆ 5 ಮನೆ ಮಾಡಿ ನೋಡಿ. ಒಟ್ಟಿಗೆ ಹೊರಟ ಎರಡೂ ಮತ್ತೆ ಒಟ್ಟಿಗೆ ಮೊದಲ ಮನೆಗೆ ಬರುವುದು 35 ಹೆಜ್ಜೆಗಳ ಮೇಲೆ. ಅಲ್ಲಿಯವರೆಗೆ ಸುತ್ತುಸುತ್ತಿಗೂ ಸ್ವರಗಳ ಜೋಡಣೆ ಹೊಸದು.

ಹಿಂದಿ ಚಿತ್ರಗೀತೆಗಳಿಗೆ ಗಿಟಾರ್ ನುಡಿಸುತ್ತಿದ್ದ ಮುಂಬಯಿಯ ಚರಣ್‌ಜಿತ್ ಸಿಂಗ್, ಜಪಾನಿನ ರೋಲ್ಯಾಂಡ್ ಕಂಪೆನಿಯ ಟಿಬಿ-303 ಎಂಬ 16 ಮನೆಗಳ ಇಂಥದೊಂದು ಪೆಟ್ಟಿಗೆಗೆ ರಾಗದ ಸ್ವರಗಳನ್ನು ತುಂಬಿದರು. ಅದು ಸುತ್ತುತ್ತಿರುವಾಗಲೇ ತಿರುಗುಗುಂಡಿಯಿಂದ ನಾದದ ಬಣ್ಣ ಬದಲಿಸಿ, ಮೇಲಿನಿಂದ ಕೀಬೋರ್ಡ್ ನುಡಿಸಿದರು. ಭೂಪಾಲಿ, ಅಂದರೆ ನಮ್ಮ ಮೋಹನ, ಮೊದಲಾದ 10 ರಾಗಗಳ ಆ ಧ್ವನಿಮುದ್ರಿಕೆ 1982ರಲ್ಲಿ ಬಂದಾಗ ಕೇಳಿದವರು ಕಡಿಮೆ. 2010ರಲ್ಲಿ ಮತ್ತೆ ಹೊರಬಂದಾಗ ವಿದೇಶದವರೂ ಬೆರಗಾದರು.

ಆದರೆ ಸ್ವರಗಳನ್ನು ಲೆಕ್ಕದಿಂದ ಜೋಡಿಸುವ ಬುದ್ಧಿ ಯಂತ್ರದಿಂದ ಬಂದದ್ದಲ್ಲ. 7 ಸ್ವರಗಳನ್ನು ಒಂದೊಂದೇ ಸಲ ಬಳಸಿದರೂ 5,040 ಕ್ರಮಗಳಾಗುತ್ತವೆ. 13ನೆಯ ಶತಮಾನದಲ್ಲಿ ದೇವಗಿರಿಯ ಶಾರ್ಙ್ಗದೇವ ಇದನ್ನು ‘ಸಂಗೀತರತ್ನಾಕರ’ದಲ್ಲಿ ವಿವರಿಸಿ, ಎಷ್ಟನೆಯ ಕ್ರಮ ಯಾವುದೆಂದು ತಿಳಿಯಲು ಖಂಡಮೇರು ಎಂಬ ಕೋಷ್ಟಕವನ್ನೂ ಕೊಟ್ಟ.

ಪುಸ್ತಕಕ್ಕೆ ಬಂದ ಲೆಕ್ಕ ಶಾಸ್ತ್ರವಾಯಿತು, ಪೆಟ್ಟಿಗೆಗೆ ಬಂದದ್ದು ತಂತ್ರಜ್ಞಾನವಾಯಿತು. ಕೈಯಲ್ಲಿರುವ ಕೊನೆಯ ಕಾಳು ಎಲ್ಲಿ ಬೀಳುತ್ತದೆಂದು ಮೊದಲೇ ಕಂಡುಕೊಳ್ಳುತ್ತಿದ್ದ ಅಜ್ಜಿಯಂದಿರ ಲೆಕ್ಕಕ್ಕೆ ಮಾತ್ರ ಹೊತ್ತು ಕಳೆಯುವ ಆಟವೆಂದೇ ಹೆಸರು. ಅವರ ಮೊಮ್ಮಕ್ಕಳು ನನ್ನ ತರಗತಿಯಲ್ಲಿ ‘ಲೆಕ್ಕ ತಲೆಗೆ ಹತ್ತುವುದಿಲ್ಲ ಟೀಚರ್’ ಎಂದು ಕೈಚೆಲ್ಲುತ್ತಾರೆ. ಆಗ ಒಂದು ಗುಂಪಿಗೆ ಏಳೇಳಕ್ಕೆ, ಇನ್ನೊಂದಕ್ಕೆ ಐದೈದಕ್ಕೆ ಚಪ್ಪಾಳೆ ತಟ್ಟಲು ಹೇಳುತ್ತೇನೆ. 35ಕ್ಕೆ ಎರಡು ಚಪ್ಪಾಳೆಗಳೂ ಒಂದಾದಾಗ, ಲ.ಸಾ.ಅ. ಎಂದರೇನೆಂದು ಬೇರೆ ಹೇಳಬೇಕಾಗುವುದಿಲ್ಲ.