ದೇವದಾನವರ ಮೈಬಣ್ಣ

ಪುರಾಣದ ಪಾತ್ರಗಳ ಚಿತ್ರಕ್ಕೆ, ಗೊಂಬೆಗೆ ಬಣ್ಣ ಆರಿಸುವಾಗ ಕರ್ನಾಟಕದ ಕುಶಲಕರ್ಮಿಗಳ ಮುಂದೆ ಎರಡು ಕಟ್ಟುಗಳಿದ್ದವು. ನೋಡಿದವರು ಪಾತ್ರವನ್ನು ಥಟ್ಟನೆ ಗುರುತಿಸಬೇಕು ಎಂಬುದು ಒಂದು. ಕೆಲಸಕ್ಕೆ ಸಿಕ್ಕ ಗೋಡೆ, ಚರ್ಮ ಅಥವಾ ಮರ ಆ ಬಣ್ಣವನ್ನು ಹಿಡಿಯಬೇಕು ಎಂಬುದು ಇನ್ನೊಂದು. ಈ ಎರಡನೆಯ ಕಟ್ಟಿನ ಬಗ್ಗೆ ಬರೆದವರು ಕಡಿಮೆ. ಬಣ್ಣದ ಚರಿತ್ರೆಯನ್ನು ಹೆಚ್ಚಾಗಿ ರೂಪಿಸಿದ್ದು ಮಾತ್ರ ಅದೇ.

ಮೊದಲನೆಯದಕ್ಕೆ ಶಾಸ್ತ್ರದ ಆಧಾರವಿತ್ತು. ನಾಟ್ಯಶಾಸ್ತ್ರ ರೌದ್ರ ರಸಕ್ಕೆ ಕೆಂಪು, ಭಯಾನಕಕ್ಕೆ ಕಪ್ಪು, ಹಾಸ್ಯಕ್ಕೆ ಬಿಳಿ ಎಂದು ಹೇಳಿತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದ ಮೊದಲರ್ಧದಲ್ಲಿ ರಚಿಸಿದ ‘ಮಾನಸೋಲ್ಲಾಸ’ ಕೆಲಸದ ಮಟ್ಟಕ್ಕೇ ಇಳಿಯುತ್ತದೆ. ಎಮ್ಮೆಯ ತೊಗಲನ್ನು ಕುದಿಸಿ ವಜ್ರಲೇಪವೆಂಬ ಅಂಟು ಮಾಡುವ ಬಗೆ ಅದರಲ್ಲಿದೆ. ಬಿಳುಪಿಗೆ ಶಂಖ, ಕೆಂಪಿಗೆ ಇಂಗಳೀಕ, ಅರಗಿನ ರಸ ಮತ್ತು ಜಾಜು, ಹಳದಿಗೆ ಹರಿತಾಳ, ಕಪ್ಪಿಗೆ ಕಾಡಿಗೆ. ಶಂಖದ ಬಿಳುಪಿಗೆ ಕಾಡಿಗೆ ಬೆರೆತರೆ ಹೊಗೆಬಣ್ಣ, ನೀಲಿಗೆ ಹರಿತಾಳ ಬೆರೆತರೆ ಹಸಿರು. ದೊರೆಯೊಬ್ಬನ ಗ್ರಂಥ ಅಂಟು ಕುದಿಸುವ ವಿಷಯಕ್ಕೂ ಜಾಗ ಕೊಟ್ಟಿರುವುದು ಸಣ್ಣ ಸಂಗತಿಯಲ್ಲ.

ಗೋಡೆಯ ಚಿತ್ರಗಳಲ್ಲಿ ಎರಡನೆಯ ಕಟ್ಟು ಹೇಗೆ ಕೆಲಸ ಮಾಡಿತೆಂದು ಮೊದಲು ನೋಡೋಣ. ಗೌರಿಬಿದನೂರು ತಾಲ್ಲೂಕಿನಿಂದ ಉತ್ತರಕ್ಕೆ ಕರ್ನಾಟಕದ ಗಡಿ ದಾಟಿದರೆ ಹಿಂದೂಪುರ, ಅದರಾಚೆ ಲೇಪಾಕ್ಷಿ. ಅಲ್ಲಿಯ ವೀರಭದ್ರ ದೇವಾಲಯದ ಛಾವಣಿಯ ಚಿತ್ರಗಳು 16ನೇ ಶತಮಾನದ ವಿಜಯನಗರ ಕಾಲದವು. ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣು, ಹಳದಿ, ಹಸಿರು, ಕಪ್ಪು ನಿಂತಿವೆ. ನೀಲಿ ಇಲ್ಲವೆನ್ನುವಷ್ಟು ಕಡಿಮೆ. ಕೆಂಪು ಹಿನ್ನೆಲೆಯಲ್ಲಿ ಆಕೃತಿಗಳು ಕಲಸಿಹೋಗದಂತೆ ಪ್ರತಿಯೊಂದಕ್ಕೂ ಕಪ್ಪು ಗೆರೆ ಎಳೆಯಲಾಗಿದೆ. ಕಿರಾತಾರ್ಜುನೀಯದ ಕಥೆ ಕೆಳಗೆ ನಿಂತವರಿಗೂ ಬಿಡಿಬಿಡಿಯಾಗಿ ಕಾಣುವುದು ಆ ಗೆರೆಯಿಂದ.

ತೊಗಲುಗೊಂಬೆಯಲ್ಲಿ ಕಷ್ಟವೇ ಬೇರೆ. ಹದಮಾಡಿದ ಚರ್ಮದ ಹಿಂದೆ ದೀಪ, ಮುಂದೆ ಬಿಳಿ ಪರದೆ. ಬಣ್ಣದ ಮೂಲಕ ಬೆಳಕು ಹಾಯಬೇಕು. ದಪ್ಪ ಬಿಳಿ ಬಳಿದರೆ ಪರದೆಯ ಮೇಲೆ ಅದು ಕಪ್ಪಾಗಿಯೇ ಬೀಳುತ್ತದೆ. ಹಾಗಾಗಿ ಕಿಳ್ಳೇಕ್ಯಾತ ಕಲಾವಿದರು ಒಡವೆಯ ಹೊಳಪನ್ನು ಬಣ್ಣದಿಂದ ತರಲು ಹೋಗದೆ ಉಳಿಯಿಂದ ತಂದರು: ಚರ್ಮದಲ್ಲಿ ಸಣ್ಣ ತೂತುಗಳನ್ನು ಕೊರೆದರೆ ಕಿರೀಟ, ಹಾರ, ಸೀರೆಯ ಅಂಚು ಬೆಳಕಿನ ಚುಕ್ಕಿಗಳಾಗುತ್ತವೆ. ಮೈಗೆ ಕೆಂಪು, ಹಸಿರು, ನೀಲಿ, ಕಪ್ಪು ಎಂಬ ಕೆಲವೇ ಬಣ್ಣಗಳು ಸಾಕಾದವು. ರಾಮ, ಕೃಷ್ಣರಿಗೆ ನೀಲಿ ಇಲ್ಲವೆ ಹಸಿರು.

ಬಣ್ಣದ ಕೆಲಸ ಅತ್ಯಂತ ನಾಜೂಕಾಗಿ ಬೆಳೆದದ್ದು ಕೊಪ್ಪಳದ ಬಳಿಯ ಕಿನ್ನಾಳದಲ್ಲಿ. ಅಲ್ಲಿಯ ಚಿತ್ರಗಾರರ ಪೂರ್ವಿಕರು ಹಂಪಿಯ ವಿರೂಪಾಕ್ಷ ದೇವಾಲಯದ ಚಿತ್ರಗಳನ್ನು ಬರೆದವರೆಂಬ ನಂಬಿಕೆಯಿದೆ. ಹಗುರ ಮರದ ತುಂಡುಗಳನ್ನು ಹುಣಸೆಬೀಜದ ಅಂಟಿನಿಂದ ಜೋಡಿಸುತ್ತಾರೆ; ಗರುಡನಿಗೆ 12 ಭಾಗ, ಪೀಠದ ಮೇಲಿನ ಗಣಪತಿಗೆ 22. ಸೆಣಬಿನ ಚಿಂದಿಯ ಪುಡಿ, ಮರದ ಹೊಟ್ಟು, ಹುಣಸೆಬೀಜದ ಅಂಟು ಕಲಸಿದ ‘ಕಿಟ್ಟ’ವನ್ನು ಮೈಗೆಲ್ಲ ಸವರಿ, ಅದರ ಮೇಲೆ ಹತ್ತಿಬಟ್ಟೆಯ ತುಣುಕು ಅಂಟಿಸಿ, ಆಮೇಲೆ ಕಲ್ಲುಪುಡಿಯ ಲೇಪ ಕೊಡುತ್ತಾರೆ. ಅಲ್ಲಿಗೆ ಮರದ ನರ, ಜೋಡಣೆಯ ಬಿರುಕು ಎಲ್ಲ ಮುಚ್ಚಿ ಬಣ್ಣಕ್ಕೆ ನುಣುಪಾದ ನೆಲ ಸಿಗುತ್ತದೆ. ಗೋಡೆಯೂ ತೊಗಲೂ ಕೊಡದ ಸ್ವಾತಂತ್ರ್ಯವನ್ನು ಈ ನೆಲ ಕೊಟ್ಟಿತು: ಯಾವ ಬಣ್ಣವಾದರೂ ಅದರ ಮೇಲೆ ನಿಲ್ಲುತ್ತದೆ.

ಒಡವೆಗಳನ್ನು ಕಲ್ಲುಪುಡಿ ಮತ್ತು ಗೋಂದಿನ ಪಾಕದಿಂದ ಉಬ್ಬಿಸಿ ಬರೆಯುತ್ತಾರೆ. ಲಾಜವರ ಎಂಬ ವಿಧಾನದಲ್ಲಿ ತವರವನ್ನು ಅಂಟಿನೊಂದಿಗೆ ಅರೆದು ಹಚ್ಚಿ ಉಜ್ಜಿದರೆ ಬೆಳ್ಳಿಯ ಮೆರುಗು. ಮೇಲೆ ಹಳದಿ ಮೆರುಗೆಣ್ಣೆ ಕೊಟ್ಟರೆ ಚಿನ್ನ. ಕೆಂಪು, ಹಸಿರು ಮೈಗಳ ಪಕ್ಕದಲ್ಲಿ ಈ ಹೊಳಪು ಬಿದ್ದಾಗಲೇ ಕಿನ್ನಾಳದ ಗೊಂಬೆಗೆ ಅದರದೇ ಚಹರೆ ಬರುತ್ತದೆ.

ದೇವತೆಗಳ ಬಣ್ಣವನ್ನು ಒಂದೆಡೆ ಕ್ರಮವಾಗಿ ದಾಖಲಿಸುವ ಕೆಲಸ 19ನೇ ಶತಮಾನದಲ್ಲಿ ಮೈಸೂರಿನಲ್ಲಿ ನಡೆಯಿತು. ಮುಮ್ಮಡಿ ಕೃಷ್ಣರಾಜ ಒಡೆಯರ ‘ಶ್ರೀತತ್ತ್ವನಿಧಿ’ ಪ್ರತಿ ದೇವತೆಯ ಮೈಬಣ್ಣ, ಆಯುಧ, ವಾಹನಗಳನ್ನು ವಿವರಿಸಿ ಚಿತ್ರವನ್ನೂ ಕೊಟ್ಟಿತು.

ಕಿನ್ನಾಳದ ಗೊಂಬೆಗಳಿಗೆ ಈಗ ಭೌಗೋಳಿಕ ಸೂಚ್ಯಂಕದ ಮಾನ್ಯತೆಯಿದೆ. ಅರೆದು ಕಲಸುವ ಬಣ್ಣಗಳ ಜಾಗಕ್ಕೆ ಅಂಗಡಿಯ ಸಿದ್ಧ ಬಣ್ಣಗಳು ಬಂದಿವೆ. ಹಿಂದೆ ನಾನಾ ಕಸುಬಿನವರ ಗೊಂಬೆಗಳಿಗೆ ಬೇಡಿಕೆಯಿತ್ತು. ಇಂದು ದೇವರ ಮೂರ್ತಿಗಳ ಜೊತೆಗೆ ಪ್ರಾಣಿ, ಪಕ್ಷಿಗಳನ್ನು ಕೊಳ್ಳುವವರು ಹೆಚ್ಚು.